ಅರಸರು ಬದಲಾದರು, ದಫ್ತರ ಬದಲಾಗಲಿಲ್ಲ: ದಿವಾನ್ ಪೂರ್ಣಯ್ಯನವರ ಬದುಕು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನರು ಮಡಿದರು. ಅವರ ಕಂದಾಯ, ಖಜಾನೆಗಳ ಹೊಣೆ ಹೊತ್ತಿದ್ದ ಪೂರ್ಣಯ್ಯನವರು ಎರಡೇ ತಿಂಗಳೊಳಗೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಇದನ್ನು ದ್ರೋಹವೆನ್ನುವವರಿದ್ದಾರೆ, ದೂರದೃಷ್ಟಿಯೆನ್ನುವವರೂ ಇದ್ದಾರೆ. ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಪಟ್ಟಕ್ಕೆ ತರುವ ಸಲಹೆಯನ್ನು ಅವರು ಮೊದಲು ಮುಂದಿಟ್ಟಿದ್ದರೆಂಬುದನ್ನು ಇಬ್ಬರೂ ಮರೆಯುತ್ತಾರೆ.

ಕೊಯಮತ್ತೂರು ಸೀಮೆಯ ಬಡ ಮಾಧ್ವ ಕುಟುಂಬದಲ್ಲಿ ಜನಿಸಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಪೂರ್ಣಯ್ಯನವರು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಹೈದರಾಲಿಯ ಕಣ್ಣಿಗೆ ಬಿದ್ದವರು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ಹೈದರ್ ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಅವರು ಬರುವವರೆಗೂ ಮರಣವಾರ್ತೆಯನ್ನು ಮುಚ್ಚಿಟ್ಟು, ಸೈನ್ಯವೂ ಖಜಾನೆಯೂ ಚದುರದಂತೆ ನೋಡಿಕೊಂಡವರಲ್ಲಿ ಪೂರ್ಣಯ್ಯನವರು ಪ್ರಮುಖರು. ದೊರೆಯಿಲ್ಲದೆಯೂ ಪ್ರಭುತ್ವ ಕೆಲವು ದಿನ ನಡೆಯಿತು!

ಫ್ರಾನ್ಸಿನ ಕ್ರಾಂತಿಗಳು ಹಳೆಯ ಆಡಳಿತಯಂತ್ರವನ್ನು ಒಡೆಯುವ ಬದಲು ಇನ್ನಷ್ಟು ಬಲಪಡಿಸಿದವೆಂದು 1852ರಲ್ಲಿ ಕಾರ್ಲ್ ಮಾರ್ಕ್ಸ್ ವಾದಿಸಿದರು. ಮೈಸೂರಿನಲ್ಲಿ ಕ್ರಾಂತಿಯೇನೂ ಆಗಿರಲಿಲ್ಲ, ಆದದ್ದು ಪರಕೀಯರ ಜಯ. ಆದರೂ ಆ ಮಾತು ಇಲ್ಲಿಗೆ ಒಪ್ಪುತ್ತದೆ. ಪಾಳೆಯಗಾರರನ್ನು ಹತ್ತಿಕ್ಕಿ ಹೈದರ್, ಟಿಪ್ಪು ಕಟ್ಟಿದ ಅಮಲ್ದಾರರ ವ್ಯವಸ್ಥೆಯನ್ನು ಕಂಪನಿ ಸರ್ಕಾರ ಕೆಡವಲಿಲ್ಲ. ಅದನ್ನು ಬಲ್ಲವರ ಕೈಗೇ ಒಪ್ಪಿಸಿತು. ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಪೊಗದಿ ತೆರಬೇಕಿತ್ತಲ್ಲ! ಬಲಂ ಸೀಮೆಯ ಪಾಳೆಯಗಾರ ತಿರುಗಿಬಿದ್ದಾಗ 1802ರಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು. ಇಂದು ಪಾಂಡವಪುರವೆನಿಸಿರುವ ಹಿರೋಡೆ, ಕೆ.ಆರ್.ಪೇಟೆಯಾಗಿರುವ ಅತ್ತಿಗುಪ್ಪೆ, ಮರಾಠರ ದಂಡಯಾತ್ರೆಯಲ್ಲಿ ನಲುಗಿದ್ದ ನಾಗಮಂಗಲ, ಈ ಸೀಮೆಗಳ ರೈತನ ಪಾಲಿಗೆ ಪಟೇಲ, ಶಾನುಭೋಗ, ಅಮಲ್ದಾರ ಎಂಬ ಏಣಿ ಹಾಗೆಯೇ ಉಳಿಯಿತು.

ಪೂರ್ಣಯ್ಯನವರು ದಕ್ಷರೆಂಬುದರಲ್ಲಿ ಸಂದೇಹವಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 1804ರಲ್ಲಿ ಪೂರ್ಣಗೊಂಡ ಕಲ್ಲಿನ ಸೇತುವೆ ಅವರದೇ. ಅದಕ್ಕೆ ಇಟ್ಟ ಹೆಸರು ಮಾತ್ರ ಟಿಪ್ಪುವಿನ ಮೇಲೆ ಯುದ್ಧ ಸಾರಿದ ಗವರ್ನರ್ ಜನರಲ್ ವೆಲ್ಲೆಸ್ಲಿಯದು. 1807ರಲ್ಲಿ ಯಳಂದೂರು ಜಹಗೀರು ದೊರೆಯಿತು. ಬೊಕ್ಕಸದಲ್ಲಿ 2 ಕೋಟಿ ರೂಪಾಯಿಗೂ ಮಿಗಿಲಾದ ಹಣ ಕೂಡಿತು. ಇಷ್ಟು ಹಣ ಯಾರ ಹೊಲದಿಂದ ಬಂತೆಂಬ ಪ್ರಶ್ನೆಯನ್ನು ಅವರ ಪ್ರಶಂಸಕರು ಕೇಳಿದ್ದು ವಿರಳ.

1811ರಲ್ಲಿ ಯುವಕ ಅರಸರು ಅಧಿಕಾರ ವಹಿಸಿಕೊಂಡಾಗ ಪೂರ್ಣಯ್ಯನವರು ಶ್ರೀರಂಗಪಟ್ಟಣಕ್ಕೆ ಹಿಂದಿರುಗಿ, ಮರುವರ್ಷದ ಮಾರ್ಚಿನಲ್ಲಿ ಅಲ್ಲಿಯೇ ನಿಧನರಾದರು. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷ ಕಂಪನಿ ಆಡಳಿತವನ್ನು ನೇರವಾಗಿ ಕೈಗೆತ್ತಿಕೊಂಡಿತು. ಅಮಲ್ದಾರರು ಆಗಲೂ ಉಳಿದರು.