ಹೆಸರಿಲ್ಲದ ಪೀಠ

ಎಮ್ಮಿ ನೋಥರ್ 1882ರಲ್ಲಿ ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ ಗಣಿತಜ್ಞನೊಬ್ಬನ ಮಗಳಾಗಿ ಜನಿಸಿದಳು. 1915ರಲ್ಲಿ ಗಣಿತ ವಿದ್ವಾಂಸರಾದ ಹಿಲ್ಬರ್ಟ್ ಮತ್ತು ಕ್ಲೈನ್ ಆಕೆಯನ್ನು ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಕರೆಸಿಕೊಂಡರು. ಹೆಣ್ಣೊಬ್ಬಳು ಅಧ್ಯಾಪಕಿಯಾಗುವುದನ್ನು ಅಲ್ಲಿನ ಪಂಡಿತರಲ್ಲಿ ಹಲವರು ಒಪ್ಪಲಿಲ್ಲ. ಆಕೆಯ ಉಪನ್ಯಾಸಗಳು ಹಿಲ್ಬರ್ಟನ ಹೆಸರಿನಲ್ಲಿ ನಡೆದವು, ಸಂಬಳವೂ ಇರಲಿಲ್ಲ. ಆದರೂ ಆಕೆ ಪಾಠವನ್ನಾಗಲಿ ಸಂಶೋಧನೆಯನ್ನಾಗಲಿ ನಿಲ್ಲಿಸಲಿಲ್ಲ. ನಿಸರ್ಗದ ಸಮಮಿತಿಗೂ ಶಕ್ತಿಸಂರಕ್ಷಣೆಯಂಥ ನಿಯಮಗಳಿಗೂ ಇರುವ ನಂಟನ್ನು ತೋರಿದ ಪ್ರಮೇಯ 1918ರಲ್ಲಿ ಪ್ರಕಟವಾಯಿತು. ಮರುವರ್ಷ ಬೋಧನಾಧಿಕಾರ ದೊರೆಯಿತು. ಪೂರ್ಣ ಪ್ರಾಧ್ಯಾಪಕ ಪದವಿ ಅಲ್ಲಿ ಎಂದೂ ಬರಲಿಲ್ಲ. ಆದರೆ ಆಧುನಿಕ ಬೀಜಗಣಿತ ಕಲಿಯಲು ಪರದೇಶದ ತರುಣರೂ ಆಕೆಯನ್ನು ಅರಸಿ ಬಂದರು. 1933ರಲ್ಲಿ ನಾಜಿ ಸರ್ಕಾರ ಯೆಹೂದಿಯೆಂದು ಕೆಲಸದಿಂದ ತೆಗೆದಾಗ ಶಿಷ್ಯರಿಗೆ ಮನೆಯಲ್ಲೇ ಪಾಠ ಹೇಳಿದಳು. 1935ರಲ್ಲಿ ಅಮೆರಿಕದಲ್ಲಿ ತೀರಿಕೊಂಡಳು. ತನ್ನ ಪಾಠಕ್ಕೇ ತನ್ನ ಹೆಸರಿಲ್ಲದಿದ್ದವಳ ಪ್ರಮೇಯವನ್ನು ಭೌತವಿಜ್ಞಾನಿಗಳು ಇಂದು ಆಕೆಯ ಹೆಸರಿನಿಂದಲೇ ಕರೆಯುತ್ತಾರೆ.