ಫ್ಲಾರೆನ್ಸ್ ನೈಟಿಂಗೇಲ್: ಕಿಟಕಿಯ ಬಳಿಯ ಹಾಸಿಗೆ

ದೀಪ ಹಿಡಿದ ದಾದಿಯೆಂದು ಫ್ಲಾರೆನ್ಸ್ ನೈಟಿಂಗೇಲರನ್ನು ನಾವೆಲ್ಲರೂ ಬಲ್ಲೆವು. ರೋಗಿಗೆ ಹಗಲಿನ ಬೆಳಕೂ ಹೂವೂ ಬೇಕೆಂದು ವಾದಿಸಿದವರೂ ಅವರೇ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಮನೆತನದಲ್ಲಿ ಜನಿಸಿದ ಅವರು, 1854ರಲ್ಲಿ 38 ದಾದಿಯರೊಡನೆ ತುರ್ಕಿಯ ಸ್ಕುತಾರಿಯ ಸೈನಿಕ ಆಸ್ಪತ್ರೆಗೆ ತೆರಳಿದರು. ಅಲ್ಲಿ ಗಾಯಗಳಿಗಿಂತ ರೋಗಗಳಿಂದ ಮಡಿದವರೇ ಅಧಿಕ. 1855ರಲ್ಲಿ ಚರಂಡಿಗಳು ಶುದ್ಧವಾಗಿ ಗಾಳಿಯಾಡತೊಡಗಿದ ಮೇಲೆ ಮರಣಸಂಖ್ಯೆ ಇಳಿಯಿತು. ಅದೇ ವರ್ಷ ಅವರೂ ಜ್ವರಪೀಡಿತರಾದರು.

ತಾವು ಕಾಯಿಲೆ ಮಲಗಿದ್ದಾಗ ಬಂದ ಕಾಡುಹೂಗಳ ಗುಚ್ಛವೊಂದರಿಂದ ಚೇತರಿಕೆ ತ್ವರಿತವಾಯಿತೆಂದು ಅವರು ಮುಂದೆ ಶುಶ್ರೂಷೆಯ ಗ್ರಂಥದಲ್ಲಿ ಬರೆದರು. ಶುದ್ಧವಾಯುವಿನ ನಂತರ ರೋಗಿಗೆ ಬೇಕಾದುದು ಬೆಳಕು. ಮಲಗಿದಲ್ಲಿಂದಲೇ ಆಕಾಶ ಕಾಣಬೇಕು. ಬಣ್ಣ ರೂಪಗಳ ಸೊಬಗು ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ಹಿತವೆಂಬುದು ಅವರ ಮತ. ವಾರ್ಡಿನ ಎರಡೂ ಪಾರ್ಶ್ವಗಳಲ್ಲಿ ಕಿಟಕಿಗಳಿರಬೇಕೆಂದು ಪಟ್ಟುಹಿಡಿದರು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ತೆರೆದರು. ತಾವೇ ಬಹುಕಾಲ ಹಾಸಿಗೆ ಹಿಡಿದಿದ್ದೂ ಬರೆಯುವುದನ್ನು ಬಿಡಲಿಲ್ಲ. 1910ರಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೋಟೆಲಿನ ಹಿಂಬದಿಯ ಕತ್ತಲೆ ಕೋಣೆಯಲ್ಲಿ ನಮ್ಮ ಹುಡುಗರು ಜ್ವರದಿಂದ ಮಲಗುವುದನ್ನು ನಾವು ಕಂಡಿದ್ದೇವೆ. ಯಜಮಾನರಾಗಿದ್ದಾಗ ನಾವೂ ಹಾಗೆಯೇ ಮಲಗಿಸಿದ್ದೆವು. ಇನ್ನಾದರೂ ಆ ಹಾಸಿಗೆ ಕಿಟಕಿಯ ಬಳಿಗೆ ಸರಿಯಲಿ.