ಏಳು ತಂತಿಯ ನಾದ: ತಟ್ಟೆಗೆ ಸಿಕ್ಕದ ಪಿಟೀಲು ಚೌಡಯ್ಯ

ಹೊಗೇನಕಲ್ಲಿನಲ್ಲಿ ಧುಮುಕಿ ಮೆಟ್ಟೂರು ಸೇರುವ ನಮ್ಮ ಕಾವೇರಿ, ಅದಕ್ಕೂ ಮೊದಲು ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಬರುತ್ತಾಳೆ. ಆ ಸಂಗಮದ ಊರಿನಲ್ಲೇ 1895ರಲ್ಲಿ ಟಿ. ಚೌಡಯ್ಯನವರು ಹುಟ್ಟಿದರು. ನದಿಯ ಹಾಗೆ ಅವರ ಸಂಗೀತವೂ ಎರಡೂ ಸೀಮೆಗಳಿಗೆ ಸೇರಿದ್ದು.

ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ವರ್ಷಗಟ್ಟಲೆ ಗುರುಕುಲವಾಸ ಮಾಡಿ ಅವರು ವಿದ್ಯೆ ಕಲಿತರು. ಮುಂದೆ ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮುಂತಾದ ಮಹಾ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸಿದರು. ಮೈಸೂರು ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ನೀಡಿತು.

ಮೈಕು ಇಲ್ಲದ ಕಾಲದಲ್ಲಿ ಪಿಟೀಲಿನ ದನಿ ಹಿಂದೆ ಕೂತವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಇದಕ್ಕೆ ಚೌಡಯ್ಯನವರೇ ದಾರಿ ಹುಡುಕಿದರು. ನಾಲ್ಕು ತಂತಿಗಳ ಜೊತೆಗೆ ಅದೇ ಸ್ವರಗಳ, ಒಂದು ಸ್ಥಾಯಿ ಅಂತರದ ಇನ್ನೂ ಮೂರು ತಂತಿಗಳನ್ನು ಬಿಗಿದರು. ಕಮಾನು ಎಳೆದರೆ ಎರಡು ಸ್ಥಾಯಿಗಳು ಒಟ್ಟಿಗೆ ಮೊಳಗುತ್ತಿದ್ದವು. ಕೊನೆಯ ಸಾಲಿನ ರಸಿಕನಿಗೂ ಸಂಗೀತ ಮುಟ್ಟಿತು.

ಆದರೆ ಆ ನಾದ ಅಂದಿನ ಧ್ವನಿಮುದ್ರಣ ಯಂತ್ರಗಳಿಗೆ ಪೂರ್ತಿ ದಕ್ಕಲಿಲ್ಲ. ಅರಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಾಲ್ಕು ನಿಮಿಷ ಮಾತ್ರ. ಅದರಲ್ಲೂ ಮಂದ್ರದ ತುಂಬು ದನಿ ಸೊರಗಿ, ಮುಳ್ಳಿನ ಕರಕರ ಸದ್ದೇ ಮುಂದಾಗುತ್ತಿತ್ತು. ಕಛೇರಿಗಳನ್ನು ಮುದ್ರಿಸುವಾಗ ಗಾಯಕರ ಮುಂದೆ ಮೈಕು ಇಟ್ಟರೆ ಪಕ್ಕವಾದ್ಯ ದೂರವೇ ಉಳಿಯಿತು. ನಂತರ ಟೇಪಿನಿಂದ ಟೇಪಿಗೆ ನಕಲಾಗುತ್ತಾ ಇದ್ದದ್ದೂ ಮಸುಕಾಯಿತು. ಯಂತ್ರದ ವೇಗ ತಪ್ಪಿದರೆ ಶ್ರುತಿಯೂ ಏರುಪೇರು.

ಹೀಗಾಗಿ ಇಂದು ಮೊಬೈಲಿನಲ್ಲಿ ಮೊದಲ ಸಲ ಕೇಳುವ ಹುಡುಗರಿಗೆ, ಇಷ್ಟು ಹೆಸರು ಪಡೆದವರ ಪಿಟೀಲು ಇಷ್ಟೇನಾ ಅನ್ನಿಸಬಹುದು. ಕೊರತೆ ಯಂತ್ರದ್ದು, ವಿದ್ವಾಂಸರದಲ್ಲ. ಗಾಯಕ ಬಿಟ್ಟ ಸಂಗತಿಯನ್ನು ಅವರು ಎತ್ತಿಕೊಳ್ಳುವ ರೀತಿ, ಉದ್ದ ಕಮಾನಿನ ನಿಲುವು, ತಾಳದ ಬಿಗಿ ಆ ಕರಕರ ಸದ್ದಿನೊಳಗೂ ಉಳಿದಿವೆ. ಕಿವಿ ಅವನ್ನು ಹುಡುಕಬೇಕು.

ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಸ್ಮಾರಕ ಭವನ ಎದ್ದಿದೆ. ಎದುರು ಕೂತು ಕೇಳಿದವರು ವಿರಳವಾಗುತ್ತಿದ್ದಾರೆ. ಮುಂದಿನವರಿಗೆ ಆಧಾರ ಆ ಮಸುಕು ಧ್ವನಿಗಳೇ. ಗಡಿಯ ಈಚೆಗಾಗಲಿ ಆಚೆಗಾಗಲಿ, ಯಾರದಾದರೂ ಮನೆಯ ಅಟ್ಟದಲ್ಲಿ ಹಳೆಯ ತಟ್ಟೆ, ಟೇಪುಗಳಿದ್ದರೆ ಗುಜರಿಗೆ ಹಾಕಬೇಡಿ. ಬೂಸ್ಟು ಹಿಡಿಯುವ ಮೊದಲೇ, ಬಲ್ಲವರಿಂದ ಮೂಲದಿಂದಲೇ ಹೊಸ ಪ್ರತಿ ಮಾಡಿಸಿಡಿ.